ಮೊದಲ ಆಯ್ಕೆ ಕಿರಿಯಳಿಗೆ

ಆ ಭೂವಿಜ್ಞಾನ ವಿಭಾಗದಲ್ಲಿ ಕೆಲಸ ಹಂಚುವುದೆಂದರೆ ಪಂಕ್ತಿಯ ಊಟವಿದ್ದಂತೆ. ಹಿರಿಯರು ಬೇಕಾದ್ದನ್ನು ಬಡಿಸಿಕೊಂಡ ಮೇಲೆ ತಳದಲ್ಲಿ ಉಳಿದದ್ದು ಕಿರಿಯರಿಗೆ. ಬೆಳಗಿನ ಒಂದನೇ ವರ್ಷದ ತರಗತಿ, ಕರಾವಳಿಯ ಹೈಸ್ಕೂಲುಗಳನ್ನು ಸುತ್ತಿ ‘ನಮ್ಮಲ್ಲಿಗೇ ಸೇರ್ರಪ್ಪಾ’ ಎಂದು ಮಕ್ಕಳನ್ನು ಕರೆಯುವ ತಿರುಗಾಟ, ಎಲ್ಲವೂ ಕಿರಿಯ ಪ್ರಾಧ್ಯಾಪಕಿ ಬಂಗ್ ಹ್ಯೆರಿಮ್ ಪಾಲಿಗೆ. ಬರುವ ವಸಂತದೊಳಗೆ ಅವಳ ಸಂಶೋಧನಾ ಲೇಖನ ಅಚ್ಚಾಗದಿದ್ದರೆ ನೌಕರಿಯೇ ಹೋಗುತ್ತಿತ್ತು. ಪಾಪ, ಬರೆಯುವುದಕ್ಕೆ ಹೊತ್ತೆಲ್ಲಿ?

ಈ ಸಲ ಮುಖ್ಯಸ್ಥೆಯ ಸರದಿ ತಾಕ್ ಇನ್‌ಸುಕ್‌ಗೆ ಬಂತು. ಸಭೆಯ ಮೇಜಿನ ಇನ್ನೊಂದು ತುದಿಯಲ್ಲಿ ಕೂತಿದ್ದವರು ಇನ್‌ಸುಕ್‌ಗೇ ಕಲ್ಲು ಓದುವುದನ್ನು ಕಲಿಸಿದ ಗುರು, ಸೊನ್‌ಉ ಮೇಷ್ಟ್ರು.

“ಈ ಸಲ ಕಿರಿಯರಿಂದ ಶುರು ಮಾಡೋಣ. ಹ್ಯೆರಿಮ್, ನಿಮಗೇನು ಬೇಕು ಹೇಳಿ” ಎಂದಳು ಇನ್‌ಸುಕ್. ಬಾರ್ಲಿ ಚಹಾದ ಲೋಟಗಳು ಅರ್ಧದಲ್ಲೇ ನಿಂತವು.

“ನಂಗೆ... ಬೆಳಗಿನ ಕ್ಲಾಸೇ ಇರ್ಲಿ ಮೇಡಂ. ಹೈಸ್ಕೂಲಿಗೂ ನಾನೇ ಹೋಗ್ಬರ್ತೀನಿ.”

ಹಿರಿಯರೆಲ್ಲ ಮೆಚ್ಚಿ ತಲೆದೂಗಿದರು. ಹಗ್ಗ ಬಿಚ್ಚಿದರೂ ಗೂಟದ ಬಳಿಯೇ ನಿಂತ ಹಸು! ಇನ್‌ಸುಕ್‌ಗೆ ಮೈಯೆಲ್ಲ ಉರಿಯಿತು. ಅವಳೂ ಒಂದು ಕಾಲದಲ್ಲಿ ಹೀಗೆಯೇ ನಿಂತಿದ್ದವಳು.

“ನಿಮಗೇನು ಬೇಕು ಅಂತ ಕೇಳ್ದೆ. ಏನು ಉಳಿಯತ್ತೆ ಅಂತಲ್ಲ.”

ಹ್ಯೆರಿಮ್ ಪಟ್ಟಿಯ ಮೇಲೆ ಬೆರಳಿಟ್ಟಳು. “ಹಾಗಾದ್ರೆ... ಗುರುವಾರ ಮಧ್ಯಾಹ್ನದ ಎಂ.ಎಸ್ಸಿ. ಸೆಮಿನಾರು.”

ಅದು ಸೊನ್‌ಉ ಮೇಷ್ಟ್ರ ಪಿತ್ರಾರ್ಜಿತದಂಥ ಸೆಮಿನಾರು. “ಗುರುವಿಗೇ ತಿರುಮಂತ್ರ!” ಎಂದು ಯಾರೋ ಗೊಣಗಿದರು. ಇನ್‌ಸುಕ್ ಅದನ್ನು ಹ್ಯೆರಿಮ್ ಹೆಸರಿಗೆ ಬರೆದಳು. ಉಳಿದವರೂ ಒಬ್ಬೊಬ್ಬರಾಗಿ ಆರಿಸಿಕೊಂಡರು. ಕೊನೆಗೆ ಉಳಿದ ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಅವರ ಮುಂದೆ ಇನ್‌ಸುಕ್ ಎಂದೂ ತಲೆಯೆತ್ತಿದವಳಲ್ಲ. ಇವತ್ತು ಎತ್ತಿದಳು.

“ಮೇಷ್ಟ್ರೇ, ನಿಮಗೆ ಬೆಳಗಿನ ಕ್ಲಾಸು, ಹೈಸ್ಕೂಲು.”

“ಕೇಳ್ತಿದೀಯೋ, ಹೇಳ್ತಿದೀಯೋ?”

“ಹೇಳ್ತಿದೀನಿ.”

“ಬರ್ಕೋ ಹಾಗಾದ್ರೆ” ಎಂದು ಅವರು ಎದ್ದು ಹೊರಟೇಬಿಟ್ಟರು.

ಹ್ಯೆರಿಮ್ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ನ್ಯಾಯವೇನೋ ಆಯಿತು, ಗುರುವನ್ನು ಕಳೆದುಕೊಂಡೆನೇ ಎಂದು ಇನ್‌ಸುಕ್ ಅವರ ಹಿಂದೆಯೇ ಓಡಿದಳು. ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು, ಕಿವಿ ಮಂದವಾದ ಹೆಂಡತಿಗೆ ಫೋನಿನಲ್ಲಿ ಕಟ್ಟಡವೆಲ್ಲ ಕೇಳುವಂತೆ ಕೂಗುತ್ತಿದ್ದರು.

“ಬರೋ ವಾರದಿಂದ ಸೋಯಾ ಸಾರು ಬೇಗ ಕಾಯ್ಸೇ, ನಂಗೆ ಬೆಳಗಿನ ಕ್ಲಾಸು! ಯಾರು ಹಾಕಿದ್ದಾ? ಇನ್‌ಸುಕ್! ಎಲ್ರ ಮುಂದೆ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ಲು ಕಣೇ! ಅಯ್ಯೋ, ಬೇಜಾರ್ಯಾಕೆ? ಅವ್ಳನ್ನ ತಯಾರು ಮಾಡಿದ್ದು ಯಾರು ಅನ್ಕೊಂಡೆ?”