ಜಾಲರಿಯತ್ತ ಮುಖ

"ಬಾಗಿಲು ಹಾಕ್ಬೇಡ. ಒಂದೇ ಮಾತು, ಕೇಳಿ ಹೋಗ್ತೀನಿ," ಎನ್ನುತ್ತ ನೆರೆಮನೆಯ ಕುಮುಶ್ ಒಳಗೆ ಕಾಲಿಟ್ಟಳು.

ಐಜಿರೆಕ್ ಒಲೆಯ ಬೂದಿ ತೆಗೆಯುತ್ತಿದ್ದಳು. ಗಂಡ ತಾಲಾಯ್‌ನನ್ನು ಮಣ್ಣು ಮಾಡಿ ಒಂದು ರಾತ್ರಿ ಕಳೆದಿತ್ತು.

"ನಿನ್ನ ಗಂಡನ್ನ ಹಿಮದಿಂದ ಎತ್ತಿದಾಗ ಕೊರಳಲ್ಲಿ ನೀಲಿ ಶಾಲಿತ್ತಂತೆ. ನನ್ನ ಸೊಸೆ ಬುರುಲಾಯ್‌ಗೆ ನಾನು ತಂದುಕೊಟ್ಟಿದ್ದೂ ಅಂಥದ್ದೇ. ಅದೀಗ ಮನೇಲಿಲ್ಲ."

"ಅವಳನ್ನ ಕೇಳಿದ್ರಾ ದೊಡ್ಡಮ್ಮ?"

"ಮೊದಲು ನಿನ್ನ ಬಾಯಲ್ಲಿ ಕೇಳೋಣ ಅಂತ. ನನ್ನ ಮಗ ರಷ್ಯಾದಲ್ಲಿ ಇಟ್ಟಿಗೆ ಹೊರ್ತಿದ್ದಾನೆ. ಇಲ್ಲಿ ಇವಳು ಬೆಳಗಾದ್ರೆ ಬೀದಿ ನಲ್ಲಿ ಹತ್ರ ಆಸ್ಪತ್ರೆ ನರ್ಸು, ಅದೇ ನಿನ್ನ ಗಂಡನ ಜೊತೆ ಪಿಸಿಪಿಸಿ. ಎರಡು ಬಕೆಟ್ ನೀರಿಗೆ ಅರ್ಧ ಗಂಟೆ! ನೀನು ಹೂಂ ಅನ್ನು ಸಾಕು, ಸಂಜೆಯೊಳಗೆ ತವರಿಗೆ ಅಟ್ತೀನಿ."

"ಮಧ್ಯಾಹ್ನ ಹೇಳ್ತೀನಿ."

ಹೂಂ ಎನ್ನುವುದು ಸುಲಭವಿತ್ತು. ಅವಳಿಗೂ ಅದೇ ಅನುಮಾನ.

*

ನಿನ್ನೆ ಅಂಗಳದ ಉಣ್ಣೆಯ ಗುಡಾರದಲ್ಲಿ, ಹೆಣದ ಪಕ್ಕ, ಪದ್ಧತಿಯಂತೆ ಬಾಗಿಲಿಗೆ ಬೆನ್ನು ಹಾಕಿ, ಗುಡಾರದ ಗೋಡೆಯ ಮರದ ಜಾಲರಿಗೆ ಮುಖ ಮಾಡಿ ಕೂತಿದ್ದಳು. ಬಂದವರು ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳಿಸುತ್ತಿತ್ತು.

"ನನ್ನ ಬಿಪಿ ನೋಡೋರು ಯಾರಿನ್ನು?"

"ಏಳಕ್ಕೇ ಮನೆ ಬಿಡ್ತಿದ್ನಂತೆ ಕಣೇ. ಆಸ್ಪತ್ರೆ ತೆಗೆಯೋದು ಒಂಬತ್ತಕ್ಕೆ."

"ಶ್! ಅವಳಿಗೆ ಕೇಳ್ಸುತ್ತೆ."

"ಬೆನ್ನಿಗೇನು ಕಿವಿ ಇದೆಯಾ?"

ಎಲ್ಲರೂ ಹಾಡಿಕೊಂಡು ಅತ್ತರು. ಒಬ್ಬಳು ಮಾತ್ರ ಬಾಯಿ ಮುಚ್ಚಿಕೊಂಡು ಕೆಮ್ಮಿದ್ದು ಕೇಳಿಸಿತು. "ಹೊರಗೆ ಹೋಗೇ ಬುರುಲಾಯ್," ಎಂದಳು ಕುಮುಶ್. ಅಳುವ ಹಕ್ಕಿಲ್ಲದವಳು ಕೆಮ್ಮುತ್ತಾಳೆ ಎಂದುಕೊಂಡಿದ್ದಳು ಐಜಿರೆಕ್.

*

ಗಂಡ ಬದುಕಿದ್ದಾಗ ಒಮ್ಮೆ ನೇರವಾಗಿ ಕೇಳಿದ್ದೂ ಉಂಟು. "ಇಷ್ಟು ಬೇಗ ಯಾರನ್ನ ನೋಡೋಕೆ?"

ತಾಲಾಯ್ ಬೂಟಿನ ದಾರ ಬಿಗಿಯುತ್ತಿದ್ದ. "ರೋಗೀನ."

"ಹೆಸರಿಲ್ವಾ?"

"ಇದೆ. ಕೊಡೋಕೆ ಅದು ನನ್ನದಲ್ಲ."

*

ಕುಮುಶ್ ಹೋದ ಮೇಲೆ ಅವನ ಕೆಲಸದ ಚೀಲ ಬಿಚ್ಚಿದಳು. ಮಾತ್ರೆಯ ಪಟ್ಟಿಗಳು, ಒಂದು ಕಾರ್ಡು. ಹೆಸರಿನ ಜಾಗದಲ್ಲಿ ಸಂಖ್ಯೆ. 'ಕ್ಷಯ. ಹೆಂಗಸು, ಇಪ್ಪತ್ತಮೂರು. ನಲ್ಲಿಯ ಬಳಿ, ಏಳೂವರೆ. ಎದುರಿಗೇ ನುಂಗಿಸಬೇಕು. ಕಫ ಶುದ್ಧವಾಗಿ ಎರಡು ತಿಂಗಳು, ಇನ್ನು ಹರಡುವುದಿಲ್ಲ. ಅತ್ತೆಗೆ ತಿಳಿದರೆ ಮನೆ ಬಿಡಿಸುತ್ತಾರಂತೆ. ಅವರ ಮನೆಗೆ ಹೋಗಕೂಡದು.' ದಿನಕ್ಕೊಂದು ಗೀಟು. ಕೊನೆಯದು ಅವನ ಬೈಕು ಹಿಮದಲ್ಲಿ ಜಾರಿದ ದಿನದ್ದು. ಆಮೇಲೆ ಮೂರು ಚೌಕ ಖಾಲಿ. ಅಂಚಿನಲ್ಲಿ: 'ಗಾಳಿ ಜೋರು. ಶಾಲು ಕೇಳಿ ಪಡೆದೆ. ಹಿಂತಿರುಗಿಸಬೇಕು.'

ನಿಜ ಹೇಳಿದರೂ ಆ ಹುಡುಗಿ ತವರಿಗೆ. ಸುಮ್ಮನಿದ್ದರೂ ತವರಿಗೆ. ಐಜಿರೆಕ್ ಕಾರ್ಡನ್ನು ಚೀಲದ ತಳಕ್ಕೆ ಸೇರಿಸಿದಳು. ಆಮೇಲೆ ಆ ದಿನದ ಮಾತ್ರೆಗಳನ್ನು ಪಟ್ಟಿಯಿಂದ ಕತ್ತರಿಸಿ, ಅವನ ಕೊರಳಿಂದ ಬಿಚ್ಚಿ ತಂದುಕೊಟ್ಟಿದ್ದ ಶಾಲಿನೊಳಗೆ ಮಡಿಸಿದಳು.

*

ಗಂಡ ಸತ್ತು ಕಪ್ಪು ಹೊದ್ದವಳು ನಲವತ್ತು ದಿನ ಇನ್ನೊಬ್ಬರ ಅಂಗಳ ತುಳಿಯುವಂತಿಲ್ಲ. ಐಜಿರೆಕ್ ತುಳಿದಳು. ಕುಮುಶ್ ಬಾಯಿ ತೆರೆಯುವ ಮೊದಲೇ ಬುರುಲಾಯ್‌ಗೆ ಶಾಲು ಚಾಚಿದಳು.

"ತಗೋಮ್ಮ. ಹೆಣಿಗೆ ನೋಡಿ ಕಲೀಬೇಕು ಅಂತ ನಮ್ಮೋರ ಕೈಲಿ ನಾನೇ ತರಿಸ್ಕೊಂಡಿದ್ದೆ. ದಾರೀಲಿ ಚಳಿಗೆ ಕೊರಳಿಗೆ ಸುತ್ಕೊಂಡ್ರು ಅನ್ಸುತ್ತೆ."

"ಅದಕ್ಕೆ ದಿನಾ ಅರ್ಧ ಗಂಟೆನಾ?" ಎಂದಳು ಕುಮುಶ್.

"ಅತ್ತೆ ಕೊಟ್ಟಿದ್ದು, ಕೊಡಲ್ಲ ಅಂತಿದ್ಲಂತೆ ನಿಮ್ಮ ಸೊಸೆ. ದಿನಾ ಗೋಗರೆದು ಇಸ್ಕೊಂಡಿದ್ದು. ಎರಡು ಸುತ್ತು ತಿಳೀಲಿಲ್ಲ ಬುರುಲಾಯ್. ನಾಳೆ ಏಳೂವರೆಗೆ ನಾನೂ ನೀರಿಗೆ ಬರ್ತೀನಿ, ತೋರಿಸ್ಕೊಡು."

ಬುರುಲಾಯ್‌ಳ ಬೆರಳು ಮಡಿಕೆಯೊಳಗೆ ಏನನ್ನೋ ಮುಟ್ಟಿ ನಿಂತಿತು.

"ಬಿಚ್ಚೇ, ಹರಿದಿದೆಯೋ ಏನೋ ನೋಡೋಣ," ಎಂದು ಕುಮುಶ್ ಕೈ ಚಾಚಿದಳು.

ಐಜಿರೆಕ್ ಆ ಕೈಯನ್ನು ಹಿಡಿದುಕೊಂಡು, ಬೀದಿಗೆಲ್ಲ ಕೇಳುವಂತೆ ಗಂಡನ ಹೆಸರು ಕೂಗಿ ಅಳತೊಡಗಿದಳು. ಅಳುವವಳನ್ನು ಅಪ್ಪಿಕೊಳ್ಳದೆ ಕುಮುಶ್‌ಗೆ ವಿಧಿಯಿರಲಿಲ್ಲ. ಅವಳ ಹೆಗಲ ಮೇಲಿಂದ, ಬುರುಲಾಯ್ ಶಾಲು ಬಿಚ್ಚದೆ ಒಳಗೆ ಹೋಗುವುದು ಕಂಡಿತು.