ಚಾವಿಗೆ ಹಾಲೆರೆದವನು

೧

ಎಲ್ಲಿಂದ ಶುರು ಮಾಡಲಿ? ಗಾಡಿಯೇ ಶುರುವಾಗುತ್ತಿಲ್ಲ, ಕತೆಗೇನು ಅವಸರ? (ಈ ಚಮತ್ಕಾರದ ಸಾಲನ್ನು ಎರಡು ಸಲ ಹೊಡೆದುಹಾಕಿದ್ದೆ. ಮತ್ತೆ ಬಂದು ಕೂತಿದೆ.)

ಮೊದಲ ಡ್ರಾಫ್ಟಿನಲ್ಲಿ ಮಗರಪಟ್ಟಾದ ಟವರುಗಳ ವರ್ಣನೆ ಒಂದೂವರೆ ಪುಟ ಇತ್ತು. ಕಿತ್ತೆ. ನಿಮಗೆ ಬೇಕಾದದ್ದು ಇಷ್ಟು: ದಸರೆಯ ಬೆಳಿಗ್ಗೆ, ಬೇಸ್‌ಮೆಂಟ್ ಪಾರ್ಕಿಂಗು, ಹದಿನಾರು ವರ್ಷ ಹಳೆಯ ಕಪ್ಪು ಲಕ್ಸುರಿ ಕಾರು, ಬಾನೆಟ್ಟಿನ ಮೇಲೆ ನಿನ್ನೆಯ ಚೆಂಡುಹೂವಿನ ಮಾಲೆ. ಸುತ್ತ ಮೂವರು. ಸೆಕೆಂಡ್‌ಹ್ಯಾಂಡಿನಲ್ಲಿ ಅದನ್ನು ಕೊಂಡ ಸೀರೆ ವ್ಯಾಪಾರಿ ಈರಣ್ಣ. ಯುಗಾದಿಗೆ ಕೆಲಸಕ್ಕೆ ಸೇರಿದ ಡ್ರೈವರ್ ಜಟ್ಟೆಪ್ಪ. ಹಡಪಸರದಿಂದ ಕರೆಸಿದ ಆಟೋ ಇಲೆಕ್ಟ್ರಿಷಿಯನ್ ಹುಸೇನಪ್ಪ.

"ದಸರಾ ದಿನ ಸೀಮಿ ದಾಟಬೇಕೋ ಮಾರಾಯಾ. ಇದು ಪಾರ್ಕಿಂಗ್ ದಾಟವಲ್ದು," ಎಂದ ಈರಣ್ಣ. ಆಮೇಲೆ ದನಿ ತಗ್ಗಿಸಿ, "ಯಾರ ಕೈಗುಣ ಅಂತ ಗೊತ್ತಾಗಲಿ. ಅವ ನಾಳಿಂದ ಕೆಲಸಕ್ಕ ಬರೂದು ಬ್ಯಾಡ."

ಗಾಡಿ ಮುಟ್ಟುವವರು ಇಬ್ಬರೇ. ಒಬ್ಬ ಸಾವಕಾರ.

೨

(ಜಟ್ಟೆಪ್ಪನಿಗೆ ಒಂದು ಅನುಮಾನವಿದೆ. ನಿಮಗೂ ಈಗಲೇ ಹೇಳಿಬಿಡುತ್ತೇನೆ. ಸಸ್ಪೆನ್ಸ್ ನನ್ನ ಕೈಲಾಗದ ಕೆಲಸ.)

ನಿನ್ನೆ ಖಂಡೆನವಮಿ, ಆಯುಧಪೂಜೆಯ ದಿನ. ಈರಣ್ಣ ಗಾಡಿಗೆ ಮಾಲೆ ಹಾಕಿ, ಗಾಲಿಗೆ ನಿಂಬೆಹಣ್ಣಿಟ್ಟು ಪೂಜೆ ಮುಗಿಸಿದ್ದ. ಆದರೆ ಜಟ್ಟೆಪ್ಪನ ಮನೆತನದಲ್ಲಿ ದುಡಿಯುವವನ ಆಯುಧ ಅವನ ಮನೆದೇವರ ಮುಂದೆಯೇ ಕೂರಬೇಕು. ಹನ್ನೊಂದು ವರ್ಷ ಅಲ್ಲಿ ಕೂತದ್ದು ಗಾರೆಕೆಲಸದ ಕರಣೆ. ಈ ಸಲ ಆ ಜಾಗ ಖಾಲಿ. "ಈಗ ನಿಮ್ಮ ಆಯುಧ ಯಾವ್ದ್ರಿ?" ಎಂದಳು ಹೆಂಡತಿ ಚಂದಮ್ಮ. ಅವನು ಕಿಸೆಯಿಂದ ಚಾವಿ ತೆಗೆದ. ಕರಣೆಯನ್ನು ತೊಳೆಯುತ್ತಿದ್ದ ಹಾಗೆಯೇ ಅದನ್ನೂ ಬಟ್ಟಲು ಹಾಲಿನಲ್ಲಿ ಮುಳುಗಿಸಿ ತೊಳೆದು, ಕುಂಕುಮ ಹಚ್ಚಿ, ಬೆಳಗಿನ ತನಕ ದೇವರ ಮುಂದೆ ಇಟ್ಟರು.

ಕರಣೆಯೊಳಗೆ ಚಿಪ್ ಇರುವುದಿಲ್ಲ.

೩

ಹುಸೇನಪ್ಪ ಅವಸರದ ಮನುಷ್ಯನಲ್ಲ. ಬ್ಯಾಟರಿಗೆ ಮೀಟರ್ ಹಿಡಿದ: ಹನ್ನೆರಡೂವರೆ ವೋಲ್ಟ್. "ಇದು ಗಟ್ಟಿ ಅದ." ಫ್ಯೂಸುಗಳನ್ನು ಒಂದೊಂದೇ ಕಿತ್ತು ಬೆಳಕಿಗೆ ಹಿಡಿದ. ಸ್ಟಾರ್ಟರಿಗೆ ನೇರ ಕರೆಂಟ್ ಕೊಟ್ಟ. ಘರ್ರೆಂದು ತಿರುಗಿತು, ಇಂಜಿನ್ ಮಾತ್ರ ಹತ್ತಲಿಲ್ಲ. ಒಂದೊಂದು ಭಾಗ ನಿರ್ದೋಷಿಯಾದಂತೆಲ್ಲ ಜಟ್ಟೆಪ್ಪ ಒಂದೊಂದು ಹೆಜ್ಜೆ ಗೋಡೆಯತ್ತ ಸರಿದ. ಕೊನೆಗೆ ಸ್ಕ್ಯಾನರ್ ಬಂತು.

"ಗಾಡಿ ಈ ಚಾವಿ ಗುರ್ತಾ ಹಿಡಿವಲ್ದ್ರಿ ಸಾವಕಾರ್ರ. ಕಳ್ಳ ಬಂದಾನ ಅಂತ ತಿಳಕೊಂಡದ." ಹುಸೇನಪ್ಪ ಚಾವಿಯನ್ನು ಎತ್ತಿ ಹಿಡಿದ. "ನೀರಾಗ ಬಿದ್ದಿತ್ತೇನೋ ತಮ್ಮಾ?"

"ಇಲ್ರಿ. ನೀರಾಗ ಬಿದ್ದಿಲ್ಲ," ಎಂದ ಜಟ್ಟೆಪ್ಪ.

(ಓದುಗರೇ, ಗಮನಿಸಿ: ಒಂದಕ್ಷರ ಸುಳ್ಳಿಲ್ಲ.)

೪

ಇಲ್ಲಿ ಅವನು ತಪ್ಪೊಪ್ಪಿಕೊಳ್ಳುತ್ತಾನೆ ಎಂದು ಬರೆದಿದ್ದೆ. ಅವನು ಒಪ್ಪಲಿಲ್ಲ, ನನ್ನತ್ತ ತಿರುಗಿದ.

"ನಿಮಗೇನ್ರಿ ಅಕ್ಕಾರ, ಬರದು ಪೆನ್ನಿನ ಟೊಪಗಿ ಹಾಕ್ತೀರಿ. ಮತ್ತ ಕರಣಿ ಹಿಡಿಯಾಂವ ನಾ."

"ನಿಜ ಹೇಳಿದರೆ ಕತೆಗೆ..."

"ನೀವು ಯಾರ ಎದುರಿಗರ ನಿಂತು ಹೇಳೀರೇನ್ರಿ ಒಂದರ ನಿಜ? ಡೈರಿಯೊಳಗ ಬಿಟ್ಟು?"

ಪುಟ ತಿರುವಿದೆ.

೫

ಮುಕ್ತಾಯಗಳು. ಬೇಕಾದ್ದು ಆರಿಸಿಕೊಳ್ಳಿ.

ಅ) ಕಪಾಟಿನಲ್ಲಿ ಎರಡನೇ ಚಾವಿ ಸಿಗುತ್ತದೆ. (ಸಿಗುವುದಿಲ್ಲ. ಮಾರಿದವನು ಕೊಟ್ಟದ್ದೇ ಒಂದು.)

ಆ) "ಹಳೇ ಚಾವಿ, ಆಯುಷ್ಯ ಮುಗೀತು," ಎಂದು ಹುಸೇನಪ್ಪ ಮುಚ್ಚಿಹಾಕುತ್ತಾನೆ. ಇದು ನನಗಿಷ್ಟ, ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಆದರೆ ನಾನಿದನ್ನು ಬರೆಯುವಷ್ಟರಲ್ಲಿ ಅವನು ಸಣ್ಣ ಸ್ಕ್ರೂಡ್ರೈವರಿನಿಂದ ಚಾವಿಯನ್ನು ಬಿಚ್ಚಿಬಿಟ್ಟಿದ್ದ. ಒಳಗೆ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಮೂಸಿದ, ಮುಖ ಕಿವುಚಿದ, ಈರಣ್ಣನ ಕೈಗಿಟ್ಟ.

"ಹುಳಿ ವಾಸನಿ ಹೊಡಿತದಲ್ಲೋ!" ಈರಣ್ಣ ತಲೆ ಎತ್ತಿದ. "ಮನ್ಯಾಗ ನಮ್ಮವ್ವ ಪೂಜಾದಾಗ ಏನರ..."

ಇ) ಇದನ್ನು ನಾನು ಬರೆದಿರಲಿಲ್ಲ.

"ಅವ್ವಾರಲ್ರಿ. ನಾ." ಜಟ್ಟೆಪ್ಪ ಗೋಡೆ ಬಿಟ್ಟು ಮುಂದೆ ಬಂದ. "ಹಾಲಾಗ ತೊಳದೇನ್ರಿ. ಕರಣಿ ಇಡೂ ಜಾಗಾದಾಗ ಇಟ್ಟಿದ್ದೆ. ನಂದು ಅಂತ ತಿಳಕೊಂಡೆ."

ಹುಸೇನಪ್ಪ ಫಕ್ಕನೆ ನಕ್ಕ. ನಗಬಾರದಿತ್ತೆಂದು ಹೊಳೆದು ಸ್ಕ್ಯಾನರಿನ ವೈರು ಸುತ್ತತೊಡಗಿದ.

ಜಟ್ಟೆಪ್ಪ ಕಿಸೆಯಿಂದ ಬನ್ನಿ ಎಲೆ ತೆಗೆದ. ಸಂಜೆ ಕೊಡಬೇಕಾದದ್ದು, ಸಂಜೆಯ ತನಕ ಕೆಲಸ ಉಳಿದೀತೆಂಬ ಭರವಸೆ ಇರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಚಾಚಿದ.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಸಾವಕಾರ್ರ."

ದಸರೆಯ ಬನ್ನಿಯನ್ನು ಒಲ್ಲೆ ಎನ್ನುವಂತಿಲ್ಲ. ಎಡಗೈಯಲ್ಲಿ ತೆಗೆದುಕೊಳ್ಳುವಂತೆಯೂ ಇಲ್ಲ. ಈರಣ್ಣನ ಬಲಗೈಯಲ್ಲಿ ಬಾಯಿಬಿಟ್ಟ ಚಾವಿ. ಅದನ್ನೀಗ ಎಲ್ಲಾದರೂ ಇಡಲೇಬೇಕು: ತನ್ನ ಕಿಸೆಗೆ, ಹುಸೇನಪ್ಪನ ಪೆಟ್ಟಿಗೆಗೆ, ಇಲ್ಲವೇ ಎದುರಿಗೆ ಚಾಚಿದ ಆ ಕೈಗಳಿಗೇ.

ಈರಣ್ಣನ ಬೆರಳುಗಳು ಕದಲಿದವು. ನಾನು ಬರೆಯಲು ಬಾಗಿದೆ.

"ಅಕ್ಕಾರ," ಎಂದ ಜಟ್ಟೆಪ್ಪ, ಆ ಬೆರಳುಗಳಿಂದ ಕಣ್ಣು ಕೀಳದೆ, "ನೀವೊಂದೀಟು ಸುಮ್ಮಕಿರ್ರಿ."