ತಡೆ ಕಾರ್ಡು

ಯರ್ರಿಸ್ವಾಮಿ ಮೇಜಿನ ಮೇಲೆ ತನ್ನ ಜೋಡಿ ಕಾರ್ಡುಗಳಲ್ಲಿ ಮೊದಲನೆಯದನ್ನು ಇಟ್ಟಾಗ ಹುಮೇರಾಳ ಹೆಬ್ಬೆರಳು ಆಗಲೇ ತನ್ನ ತಡೆ ಕಾರ್ಡಿನ ಅಂಚಿಗೆ ಹೋಗಿತ್ತು. ಅವಳ ಕೈಯಲ್ಲಿ ಉಳಿದಿದ್ದ ತಡೆ ಅದೊಂದೇ. ಅದನ್ನು ಹಾಕಿದರೆ ಎದುರಿನವನ ಒಂದು ಕಾರ್ಡು ಅಲ್ಲಿಗೆ ಸತ್ತುಹೋಗುತ್ತದೆ. ಯಾವುದಕ್ಕೆ ಹಾಕಬೇಕು ಎನ್ನುವುದರಲ್ಲೇ ಅವಳ ಆಟವೆಲ್ಲ ಇತ್ತು.

ಗಾಂಧಿನಗರದಲ್ಲಿ ವೆಂಕಣ್ಣನ ಇಂಟರ್ನೆಟ್ ಅಂಗಡಿಯ ಮಹಡಿಯ ಮೇಲೆ ಭಾನುವಾರಗಳಂದು ಈ ಆಟ ನಡೆಯುತ್ತಿತ್ತು. ಇಸ್ಪೀಟಿನ ಹಾಗಲ್ಲ. ಮಂತ್ರಗಳೂ ಸೈನಿಕರೂ ಇರುವ ಕಾರ್ಡುಗಳನ್ನು ಕೊಂಡು, ಒಬ್ಬರಿಗೊಬ್ಬರು ಬದಲಾಯಿಸಿಕೊಂಡು, ಪ್ರತಿಯೊಬ್ಬರೂ ತಮ್ಮದೇ ಕಟ್ಟು ಮಾಡಿಕೊಳ್ಳಬೇಕು. ಯರ್ರಿಸ್ವಾಮಿಯದು ಓಟದ ಕಟ್ಟು. ಎರಡು ಕಾರ್ಡು ಜೋಡಿಯಾದರೆ ಸಾಕು, ಎದುರಿನವರು ಕುರ್ಚಿ ಸರಿಮಾಡಿಕೊಳ್ಳುವುದರೊಳಗೆ ಆಟ ಮುಗಿಯುತ್ತಿತ್ತು. ಅದಕ್ಕೆ ಎಲ್ಲರೂ ಕಾಂಬೊ ಎನ್ನುತ್ತಿದ್ದರು. ಹುಮೇರಾಳದು ಕಂಟ್ರೋಲ್. ತಡೆಯುವುದು, ಕಾಯುವುದು, ಎದುರಿನವರ ಕೈ ಬರಿದಾದ ಮೇಲೆ ಒಬ್ಬ ಸಣ್ಣ ಸೈನಿಕನಿಂದ ಮೆಲ್ಲಗೆ ಹೊಡೆಯುತ್ತ ಹೋಗುವುದು.

"ನಿನ್ನ ಜೋಡಿ ಆಡೋದಂದ್ರ ಸಿರುಗುಪ್ಪ ಬಸ್ಸಿಗೆ ಕಾದಂಗ ನೋಡವಾ," ಎಂದು ಯರ್ರಿಸ್ವಾಮಿಯ ಗೆಳೆಯ ಜೋಗಪ್ಪ ಯಾವಾಗಲೂ ರೇಗಿಸುತ್ತಿದ್ದ.

ಅವನಿಗೆ ಬಸ್ಸಿಗೆ ಕಾಯುವುದು ಗೊತ್ತು, ಲ್ಯಾಬಿನಲ್ಲಿ ಕಾಯುವುದು ಗೊತ್ತಿಲ್ಲ. ವಾರವೆಲ್ಲ ಅವಳು ಅದಿರು ಪರೀಕ್ಷೆಯ ಲ್ಯಾಬಿನಲ್ಲಿ ಕೆಂಪು ಪುಡಿಯನ್ನು ಜರಡಿ ಹಿಡಿದು, ಕರಗಿಸಿ, ಬಣ್ಣ ತಿರುಗುವುದನ್ನೇ ಕಾಯುತ್ತ ನಿಲ್ಲುತ್ತಿದ್ದಳು. ಆ ವರ್ಷ ಗಣಿಗಳಿಂದ ಚೀಲ ಬರುವುದು ಒಂದು ದಿನವೂ ತಪ್ಪಿರಲಿಲ್ಲ. ಮನೆಗೆ ಹೋಗಿ ತಲೆ ತೊಳೆದರೆ ಬಚ್ಚಲಲ್ಲಿ ಕೆಂಪು ನೀರು ಹರಿಯುತ್ತಿತ್ತು. ಅಂದು ಬೆಳಿಗ್ಗೆ ಅವಳ ನಿದ್ದೆಗೆಟ್ಟ ಕಣ್ಣು ನೋಡಿ ತಾಯಿ ಕುಲ್ಸುಂಬೀ ಹೇಳಿದ್ದರು: "ಇವತ್ತು ಗೆದ್ರ ಬೆಂಗಳೂರಿಗಿ ಹೋಗು, ತಮ್ಮ ಮುಬಶೀರ್ ನಿನ್ನ ಜೋಡಿ ಬರ್ತಾನ. ಸೋತ್ರ ಸಾಕು ಮಾಡಿಬಿಡವ್ವಾ. ಒಂದು ಆಯ್ತವಾರನಾರ ಮಲಕೋ." ಹುಮೇರಾ ತಲೆಯಾಡಿಸಿ ಬಂದಿದ್ದಳು. ಒಪ್ಪಿಕೊಂಡ ಮಾತು.

ಬೆಂಗಳೂರಿನ ಪಂದ್ಯಕ್ಕೆ ಬಳ್ಳಾರಿಯಿಂದ ಒಬ್ಬರಿಗಷ್ಟೇ ಜಾಗ. ಆಟ ನೋಡಿಕೊಳ್ಳಲು ಅಲ್ಲಿಂದಲೇ ಒಬ್ಬ ತೀರ್ಪುಗಾರ ಬಂದು, ಮೇಜಿನ ಮೇಲೆ ಗಡಿಯಾರ ಇಟ್ಟುಕೊಂಡು ಕೂತಿದ್ದ. ಕೊನೆಯ ಸುತ್ತಿಗೆ ಉಳಿದವರು ಇವರಿಬ್ಬರೇ. ಬೆಳಗಿನಿಂದ ಯರ್ರಿಸ್ವಾಮಿಯ ಅಂಕ ಹೆಚ್ಚಿದ್ದುದರಿಂದ, ಸಮಯ ಮುಗಿದು ಆಟ ಡ್ರಾ ಆದರೂ ಜಾಗ ಅವನದೇ. ಹುಮೇರಾ ಗೆಲ್ಲಲೇಬೇಕಿತ್ತು.

ಅವಳು ತಡೆ ಕಾರ್ಡನ್ನು ಎತ್ತುವಷ್ಟರಲ್ಲಿ ಪಕ್ಕದ ಬೀದಿಯ ಮಸೀದಿಯಿಂದ ಬಾಂಗ್ ಶುರುವಾಯಿತು. ಯರ್ರಿಸ್ವಾಮಿ ಕೈಯಲ್ಲಿ ಉಳಿದಿದ್ದ ಒಂದೇ ಕಾರ್ಡನ್ನು ಬೋರಲು ಹಾಕಿ, ಕೈಕಟ್ಟಿ ಹಿಂದಕ್ಕೆ ಒರಗಿದ. ಹುಮೇರಾ ದುಪಟ್ಟಾ ತಲೆಗೆ ಎಳೆದುಕೊಂಡಳು. ಸುತ್ತ ನಿಂತವರ ಮಾತೂ ನಿಂತಿತು. ಆ ಮಹಡಿಯ ಮೇಲೆ ಮೊದಲಿನಿಂದಲೂ ಹಾಗೆಯೇ. ಯಾರು ಶುರುಮಾಡಿದ್ದೆಂದು ಯಾರಿಗೂ ನೆನಪಿರಲಿಲ್ಲ.

"ಏನಾಯ್ತು? ಆಡಿ," ಎಂದ ತೀರ್ಪುಗಾರ. "ಟೈಮ್ ನಿಲ್ಸಕ್ಕಾಗಲ್ಲ ನಂಗೆ."

"ಅದು ಓಡ್ಲಿ ಬಿಡ್ರಿ ಸರ್," ಎಂದು ವೆಂಕಣ್ಣ ಮೆಲ್ಲಗೆ ಹೇಳಿದ. "ಇಲ್ಲಿ ಹಿಂಗ."

ಆ ಬಿಡುವಿನಲ್ಲಿ ಹುಮೇರಾ ಮೇಜನ್ನು ನೋಡುತ್ತ ಕೂತಳು. ಆಡುವಾಗ ಯರ್ರಿಸ್ವಾಮಿ ಯಾರಿಗೂ ಉಸಿರಾಡಲು ಬಿಡುವವನಲ್ಲ. ಅವನು ಇಟ್ಟ ಮೊದಲ ಕಾರ್ಡಿಗೇ ಅವಳು ಪ್ರತಿಸಲ ತಡೆ ಹಾಕುತ್ತಿದ್ದಳು, ಪ್ರತಿಸಲ ಸೋಲುತ್ತಿದ್ದಳು. ಈಗ ನಿಧಾನವಾಗಿ ನೋಡಿದರೆ ತಿಳಿಯಿತು. ಮೊದಲನೆಯದು ಬರೀ ತಡೆ ಹಾಕುವ ಆಸೆ ಹುಟ್ಟಿಸುವುದಕ್ಕೆ. ಜೀವ ಇರುವುದು ಎರಡನೆಯದರಲ್ಲಿ.

ಬಾಂಗ್ ಮುಗಿಯಿತು. ಅವಳು ತಡೆ ಕಾರ್ಡನ್ನು ಕೈಯಲ್ಲೇ ಉಳಿಸಿಕೊಂಡು, "ಆಗ್ಲಿ, ಮುಂದ ಆಡು," ಎಂದಳು.

ಯರ್ರಿಸ್ವಾಮಿ ತಲೆ ಎತ್ತಿ ಅವಳನ್ನು ನೋಡಿದ. ಮೀಸೆಯ ಕೆಳಗೆ ಸಣ್ಣದಾಗಿ ನಕ್ಕು ಎರಡನೆಯ ಕಾರ್ಡು ಇಟ್ಟ. ಬೇರೆ ದಾರಿ ಅವನಿಗಿರಲಿಲ್ಲ. ಹುಮೇರಾ ಅದರ ಮೇಲೆ ತಡೆ ಹಾಕಿದಳು. ಅವನ ಕೈ ಬರಿದಾಯಿತು.

ಆದರೆ ಗೆಲುವು ಇನ್ನೂ ದೂರವಿತ್ತು. ಅವಳ ಸೈನಿಕ ಒಂದು ಸರದಿಗೆ ಒಂದೇ ಏಟು ಹೊಡೆಯುವವನು. ಗಡಿಯಾರದಲ್ಲಿ ಉಳಿದದ್ದು ಸ್ವಲ್ಪವೇ.

ಜೋಗಪ್ಪ ಯರ್ರಿಸ್ವಾಮಿಯ ಕಿವಿಯ ಹತ್ತಿರ ಬಗ್ಗಿದ. "ಲೇ, ಸಾವಕಾಶ ಆಡಲೇ. ಒಂದೊಂದು ಕಾರ್ಡು ಓದಿ ಓದಿ ಇಡು. ಟೈಮ್ ಆತಂದ್ರ ನೀನ ಹೋಗ್ತಿ."

ಹುಮೇರಾಳಿಗೂ ಅದು ಕೇಳಿಸಿತು. ಅವನ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಆಡುತ್ತಿದ್ದರು, ನಿಯಮದಲ್ಲಿ ಅದಕ್ಕೆ ತಡೆಯೂ ಇಲ್ಲ.

ಯರ್ರಿಸ್ವಾಮಿ ಒಂದು ಕಾರ್ಡು ಎಳೆದ, ನೋಡಿದ, ಅದು ಉಪಯೋಗಕ್ಕೆ ಬರುವುದಿಲ್ಲವೆಂದು ತಕ್ಷಣ ಕೆಳಗಿಟ್ಟ. "ನಿಂದು," ಎಂದ.

ಅವಳು ಹೊಡೆದಳು. ಅವನು ಎಳೆದ, ಇಟ್ಟ. "ನಿಂದು."

"ಹುಚ್ಚ ಅದಿ ಏನಲೇ?" ಎಂದ ಜೋಗಪ್ಪ.

"ಸುಮ್ಕಿರಪಾ. ಸಾವಕಾಶ ಆಡಾಕ ಬಂದಿದ್ರ ನಾನ್ಯಾಕ ಈ ಕಟ್ಟು ಹಿಡೀತಿದ್ದೆ?"

ಅವಸರದಲ್ಲಿ ಒಮ್ಮೆ ಹುಮೇರಾಳ ಕಾರ್ಡು ಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗುವ ಮೊದಲೇ ಯರ್ರಿಸ್ವಾಮಿ ಅದನ್ನು ತಿರುಗಿಸಿ ನೋಡದೆ ಎತ್ತಿ ಅವಳ ಮುಂದಿಟ್ಟು, "ನಡಿ, ನಡಿ," ಎಂದ. ಅವಳು ಕೊನೆಯ ಏಟು ಹೊಡೆದು ಗೆದ್ದಾಗ ತೀರ್ಪುಗಾರನ ಗಡಿಯಾರ ಇನ್ನೂ ಕೂಗಿರಲಿಲ್ಲ.

ಯಾರೋ ಚಪ್ಪಾಳೆ ತಟ್ಟಿದರು. ತೀರ್ಪುಗಾರ ಅವಳ ಹೆಸರು ಕೇಳಿ ಬರೆದುಕೊಂಡ. ಯರ್ರಿಸ್ವಾಮಿ ತನ್ನ ಕಟ್ಟಿಗೆ ರಬ್ಬರು ಹಾಕುತ್ತ ಹೇಳಿದ: "ಬೆಂಗಳೂರಾಗ ಬಾಂಗ್ ಆತಂತ ಯಾರೂ ಆಟ ನಿಂದ್ರಸಂಗಿಲ್ಲ ಹುಮೇರಾ. ಲಗೂನ ಯೋಚನಿ ಮಾಡಾಕ ಕಲಿ."

"ನೀನ ಕಲಿಸು," ಎಂದಳು. ಹೇಳುವಷ್ಟರಲ್ಲೇ ಆಕಳಿಕೆ ಬಂತು.

ಉಳಿದವರೆಲ್ಲ ಮಿರ್ಚಿ ಬಜ್ಜಿ ತಿನ್ನಲು ಕೆಳಗಿಳಿದರು. ತಮ್ಮ ಮುಬಶೀರ್ ಬೈಕು ತರುವವರೆಗೆ ಎಂದು ಹುಮೇರಾ ಗೋಡೆಗೆ ಒರಗಿದಳು, ಹಾಗೆಯೇ ನಿದ್ದೆ ಹೋದಳು. ವೆಂಕಣ್ಣ ಫ್ಯಾನನ್ನು ಅವಳ ಕಡೆಗೆ ತಿರುಗಿಸಿ ಬಾಗಿಲ ಬಳಿ ನಿಂತ. ಯರ್ರಿಸ್ವಾಮಿ ಮಿರ್ಚಿಗೆ ಹೋಗದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಮೂಲೆಗೆ ಒಯ್ಯತೊಡಗಿದ. ಒಂದನ್ನೂ ಎಳೆಯಲಿಲ್ಲ. ಒಂದೊಂದನ್ನೇ ಎರಡೂ ಕೈಯಿಂದ ಎತ್ತಿ, ಸದ್ದಾಗದಂತೆ ಒಂದರ ಮೇಲೊಂದು ಇಳಿಸುತ್ತಿದ್ದ.